ರಟ್ಟರ ಕಾಲದಲ್ಲಿ ಶೇಂಗಾ ಹಿಂಡಿ

ಪ್ರಶ್ನೆ: ಬೆಳಗಾವಿಯ ಕೋಟೆ ಕೆರೆಯಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ರಟ್ಟರ ಕಾಲದ ಬೆಳಗಾವಿಯ ಕಥೆ ಎಂದು ಯಾರೋ ಹೇಳಿದ್ದು ಕೇಳಿ 800 ಪುಟದ ಐತಿಹಾಸಿಕ ಕಾದಂಬರಿಯೊಂದನ್ನು ತರಿಸಿಕೊಂಡೆ. ಎರಡು ತಿಂಗಳು ಹಿಡಿದು ಓದಿದೆ. ನಮ್ಮೂರು ಅದರಲ್ಲಿ ಎಲ್ಲೂ ಸಿಗಲಿಲ್ಲ. ಪಾತ್ರಗಳೆಲ್ಲ ಕಂಪನಿ ನಾಟಕದವರ ಹಾಗೆ ಮಾತಾಡುತ್ತವೆ, ಕೋಟೆಯ ಮೇಲಿಂದ ತೋಪು ಹಾರುತ್ತದೆ, ಒಬ್ಬ ಸೈನಿಕ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಾನೆ! ಖಾನಾಪುರದಲ್ಲಿ ನಮ್ಮ ಭಾವನವರಿದ್ದಾರೆ, ನಿವೃತ್ತ ಮಾಸ್ತರರು. ದಪ್ಪ ಪುಸ್ತಕವೆಂದರೆ ಅವರಿಗೆ ಜೀವ. ಅವರಿಗೆ ಕೊಡಲೇ? ನನಗೇ ಹಿಡಿಸದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಸರಿಯೇ? ಹಿಡಿಸಲಿಲ್ಲ ಎಂದು ಹೇಳಿ ಕೊಡಬೇಕೋ, ಸುಮ್ಮನೆ ಕೊಡಬೇಕೋ? ರದ್ದಿಗೆ ಹಾಕಲು ಕೈ ಬರುತ್ತಿಲ್ಲ.

ಉತ್ತರ: ಕೊಡಿ. ಹೇಳಿಯೇ ಕೊಡಿ. ಬರೀ ಹೇಳಿದರೂ ಸಾಲದು, ತಕರಾರು ಸಮೇತ ಕೊಡಿ. ಅದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ತಕರಾರುಗಳನ್ನು ಒಂದಿಷ್ಟು ಕೇರಿ ನೋಡೋಣ. ಜೊಳ್ಳು ಕಾಳು ಕೊಟ್ಟು ಭಾವನವರ ಹತ್ತಿರ ಮಾತು ಕೇಳುವುದು ಬೇಡ. (ಪುಸ್ತಕದ ಹೆಸರನ್ನೂ ಬರೆದಿದ್ದೀರಿ. ಇಲ್ಲಿ ಅಚ್ಚು ಹಾಕಿಲ್ಲ. ನಾನು ಅದನ್ನು ಓದಿಲ್ಲ. ಓದದ ಪುಸ್ತಕದ ಮಾನ ಕಳೆಯಲು ನನಗೆ ಸಂಬಳ ಕೊಡುತ್ತಿಲ್ಲ.)

ಶೇಂಗಾ ಹಿಂಡಿಯ ವಿಷಯದಲ್ಲಿ ನಿಮ್ಮದು ನೂರಕ್ಕೆ ನೂರು ಸರಿ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಹಿಂಡಿಗೆ ಬೀಳುವ ಮೆಣಸಿನಕಾಯಿಯೂ ಆ ಕಡೆಯದೇ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಇವೆರಡೂ ಘಟ್ಟ ಹತ್ತಿ ನಮ್ಮ ಅಡಿಗೆಮನೆಗೆ ಬಂದದ್ದು ಆ ಹಡಗಿನವರು ಬಂದ ಮೇಲೆ. ರಟ್ಟರ ನಾಲ್ಕನೆಯ ಕಾರ್ತವೀರ್ಯ ಬೆಳಗಾವಿಯಲ್ಲಿ ಆಳುತ್ತಿದ್ದದ್ದು 1204ರ ಸುಮಾರಿಗೆ. ಅವನ ಸೈನಿಕ ಶೇಂಗಾ ಹಿಂಡಿಗಾಗಿ ಇನ್ನೂ 300 ವರ್ಷ ಒಣ ರೊಟ್ಟಿ ಹಿಡಿದು ಕೂಡಬೇಕಿತ್ತು. ಎಳ್ಳು ಇತ್ತು, ಅಗಸಿ ಇತ್ತು, ಖಾರಕ್ಕೆ ಕಾಳುಮೆಣಸು ಇತ್ತು. ಮೆಣಸಿನಕಾಯಿ ಎಂಬ ಹೆಸರೇ ಇದಕ್ಕೆಲ್ಲ ಸಾಕ್ಷಿ. ಆಮೇಲೆ ಬಂದ ಕಾಯಿ, ಮೊದಲೇ ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಉಟ್ಟುಕೊಂಡು ಒಳಗೆ ಬಂತು. ದಿನಾ ಬಾಯಲ್ಲಿ ಬರುವ ಈ ಮಾತು ಬರೆಯುವಾಗ ಕಿವಿಗೆ ಬೀಳಲಿಲ್ಲವೆಂದರೆ ನಿಮಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ.

ತೋಪಿನ ಮಾತೂ ಸರಿ. ಆದರೆ ಇಲ್ಲಿ ನನಗೆ ಸಿಟ್ಟಿಗಿಂತ ಸಂಕಟ ಹೆಚ್ಚು. ಮದ್ದಿನ ಸದ್ದು ಬೇಕೇಬೇಕು ಎಂದಿದ್ದರೆ ಬೆಳಗಾವಿಯಲ್ಲಿ ಅದಕ್ಕೆ ನಿಜವಾದ ಪ್ರಸಂಗವೇ ಇತ್ತು. 1473ರ ಸುಮಾರಿಗೆ ಬಹಮನಿ ಸುಲ್ತಾನನ ಮಂತ್ರಿ ಮಹಮೂದ್ ಗವಾನ್ ಈ ಕೋಟೆಗೆ ಮುತ್ತಿಗೆ ಹಾಕಿದ. ಗೋಡೆಯ ಬುಡಕ್ಕೆ ಸುರಂಗ ತೋಡಿಸಿ, ಮದ್ದು ತುಂಬಿ ಸಿಡಿಸಿದರೆಂದು ಚರಿತ್ರೆಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ದಖ್ಖನಿಗೆ ಅದು ಆಗ ಹೊಸ ವಿದ್ಯೆ. ಗವಾನನಾದರೂ ಬರೀ ದಂಡಿನ ಮನುಷ್ಯನಲ್ಲ. ಇರಾನಿನ ಕಡೆಯಿಂದ ವ್ಯಾಪಾರಕ್ಕೆ ಬಂದು ಮಂತ್ರಿಯಾದವನು, ಬೀದರಿನಲ್ಲಿ ದೊಡ್ಡ ಮದರಸಾ ಕಟ್ಟಿಸಿದವನು. ಅಲ್ಲಿಯ ಭಂಡಾರದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 1481ರಲ್ಲಿ ಅವನ ಮುದ್ರೆಯೊತ್ತಿದ ಸುಳ್ಳು ಕಾಗದವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಇಷ್ಟೆಲ್ಲ ಕಾಲಬುಡದಲ್ಲೇ ಇರಲು, ಅದನ್ನು ಬಿಟ್ಟು 1204ಕ್ಕೆ ತೋಪು ಎಳೆದುಕೊಂಡು ಹೋಗಿದ್ದಾರೆ.

ಮೂರನೆಯ ತಕರಾರಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ‘ನಮ್ಮೂರು ಸಿಗಲಿಲ್ಲ’ ಎನ್ನುತ್ತೀರಿ. ನೀವು ದಿನಾ ಸಂಜೆ ಸುತ್ತು ಹಾಕುವ ಕೋಟೆಯನ್ನು ಆ ಪುಸ್ತಕದಲ್ಲಿ ಹುಡುಕಿದ್ದೀರಿ. ಆ ಕೋಟೆ ಒಂದೇ ಕಾಲದ್ದಲ್ಲ. ಕಮಲ ಬಸದಿ ರಟ್ಟರ ಅಧಿಕಾರಿ ಬೀಚಿರಾಜನದು. ಸಫಾ ಮಸೀದಿ ಆದಿಲಶಾಹಿ ಸರದಾರ ಅಸದ್ ಖಾನನದು, 1519ರದು. ಈಗ ಕಣ್ಣಿಗೆ ಬೀಳುವ ಗೋಡೆ, ಬುರುಜುಗಳಲ್ಲಿ ಬಹುಪಾಲು ಆದಿಲಶಾಹಿ ಕಾಲದ ಕೈಕೆಲಸ. ಆಶ್ರಮ, ಸೈನ್ಯದ ಕಟ್ಟಡ, ಕಚೇರಿ ಇವೆಲ್ಲ ಮೊನ್ನೆ ಮೊನ್ನೆಯವು. ಇದನ್ನೆಲ್ಲ ಒಂದೊಂದಾಗಿ ತೆಗೆದಿಟ್ಟರೆ ರಟ್ಟರ ಕಾಲವನ್ನು ಬರೆಯಹೊರಟವರ ಕೈಯಲ್ಲಿ ಏನು ಉಳಿಯುತ್ತದೆ? ಮುಖ್ಯವಾಗಿ ಒಂದು ಬಸದಿ, ಎರಡು ಶಾಸನ. ಆ ಬಸದಿಯನ್ನು ಕಟ್ಟಿಸಿದ ಸುದ್ದಿ ಹೇಳುವ 1204ರ ಆ ಎರಡು ಕಲ್ಲುಗಳೂ ಈಗ ಬೆಳಗಾವಿಯಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಯಾರದೋ ಕೈಯಿಂದ ಯಾರದೋ ಕೈಗೆ ದಾಟುತ್ತ ಹೋದವು ಬರೀ ಕಾದಂಬರಿಗಳಲ್ಲ ನೋಡಿ. ಆ ಕಲ್ಲುಗಳಲ್ಲಿ ವಂಶಾವಳಿ ಇದೆ, ದತ್ತಿ ಇದೆ, ಬಸದಿಗೆ ಸಲ್ಲಬೇಕಾದ ಪಾಲಿನ ಲೆಕ್ಕ ಇದೆ. ಕಾರ್ತವೀರ್ಯ ತನ್ನ ಹೆಂಡತಿಯನ್ನು ಏನೆಂದು ಕರೆಯುತ್ತಿದ್ದ, ಊಟಕ್ಕೆ ಕೂತಾಗ ಏನು ಗೊಣಗುತ್ತಿದ್ದ ಎಂಬುದು ಯಾವ ಕಲ್ಲಿನ ಮೇಲೂ ಇಲ್ಲ. ಆ ಖಾಲಿ ಜಾಗವನ್ನು ಬರೆಯುವವರು ತಮ್ಮ ಕಿವಿಯಲ್ಲಿರುವ ಸದ್ದಿನಿಂದಲೇ ತುಂಬಬೇಕು. ಈ ಕಾದಂಬರಿಕಾರರ ಕಿವಿಯಲ್ಲಿ ಕಂಪನಿ ನಾಟಕ ಇತ್ತು, ಅಷ್ಟೆ.

ಆ ಸದ್ದು ಎಲ್ಲಿಂದ ಬಂತು ಎಂದರೆ, ಅದಕ್ಕೂ ನಮ್ಮ ಸೀಮೆಗೂ ನಂಟಿದೆ. ಕನ್ನಡಕ್ಕೆ ಐತಿಹಾಸಿಕ ಕಾದಂಬರಿ ಎರಡು ಬಾಗಿಲಿಂದ ಬಂತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು 1885ರಲ್ಲಿ ತಂದದ್ದು ಬಂಗಾಳಿ ಬಾಗಿಲಿಂದ. ಇತ್ತ ಕಡೆ ತೆರೆದದ್ದು ಮರಾಠಿ ಬಾಗಿಲು. ಹರಿ ನಾರಾಯಣ ಆಪಟೆಯವರನ್ನು ಓದಿ, ಕನ್ನಡಿಸಿ, ಅದೇ ಹುರುಪಿನಲ್ಲಿ ವಿಜಯನಗರದ ಹುಟ್ಟನ್ನು ‘ಮಾಧವ ಕರುಣಾ ವಿಲಾಸ’ವಾಗಿ ಬರೆದವರು ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ. ಅವರ ಬರವಣಿಗೆಯನ್ನು ಜನ ಅಗಡಿಯ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಲ್ಲಿ ತಿಂಗಳಿಗೆ ಇಷ್ಟಿಷ್ಟು ಎಂದು ಓದಿದರು. ಜಗಲಿಯ ಮೇಲೆ ಒಬ್ಬರು ದನಿ ತೆಗೆದು ಓದಬೇಕು, ನಾಲ್ಕು ಜನ ಕೂತು ಕೇಳಬೇಕು. ಅಂಥ ಓದಿಗೆ ನಾಟಕದ ಮಾತೇ ಹೊಂದುತ್ತದೆ. ಹಿಂದಿನ ತಿಂಗಳ ಕಥೆಯನ್ನು ಮತ್ತೆ ನೆನಪಿಸುವುದೂ, ಸೂರ್ಯೋದಯವನ್ನು ಮೂರು ಪುಟ ವರ್ಣಿಸುವುದೂ ಅಲ್ಲಿ ಭಾರವೆನಿಸುವುದಿಲ್ಲ. ಮುಂದಿನ ಸಂಚಿಕೆಗೆ ಮೂವತ್ತು ದಿನ ಕಾಯುವವನಿಗೆ ಮೂರು ಪುಟ ಯಾವ ಲೆಕ್ಕ? ಅದೇ ಮಾದರಿಯನ್ನು ಹೊತ್ತ ಇವತ್ತಿನ 800 ಪುಟವನ್ನು ಒಬ್ಬರೇ, ಬಾಯಿ ಮುಚ್ಚಿಕೊಂಡು, ದೀಪದ ಕೆಳಗೆ ಓದಿದರೆ ಮೈ ಹಿಂಡಿದಂತಾಗುತ್ತದೆ. ಇದು ಕಾದಂಬರಿಕಾರರ ಪರ ವಕಾಲತ್ತಲ್ಲ. ಮಾದರಿ ಹಳೆಯದಾದರೆ ಹೊಸದು ಹುಡುಕುವುದು ಬರೆಯುವವರ ಹೊಣೆ. ಆದರೆ ಪುಸ್ತಕ ದಾಟಿಸುವ ಮುನ್ನ ಒಂದು ಕೆಲಸ ಮಾಡಿ ನೋಡಿ: ಮನಸ್ಸಿಗೆ ಬಂದ ಒಂದು ಅಧ್ಯಾಯವನ್ನು ಮನೆಯವರೆದುರು ಗಟ್ಟಿಯಾಗಿ ಓದಿ. ಕೇಳುವವರು ಎದ್ದು ಹೋಗದಿದ್ದರೆ ಆ ಪುಸ್ತಕಕ್ಕೆ ಇನ್ನೂ ಆಯುಷ್ಯವಿದೆ.

ಗಳಗನಾಥರ ಮಾತು ಬಂತೆಂದು ಇನ್ನೊಂದು ಹೇಳಬೇಕು. ಅವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರೇ ಹಾಗೆ ಹೊತ್ತು ತಿರುಗಿದ ಸೀಮೆಯಲ್ಲಿ, ಓದಿ ಮುಗಿಸಿದವರು ಒಂದು ಪುಸ್ತಕವನ್ನು 26 ಕಿಲೋಮೀಟರು ದಾಟಿಸುವುದಕ್ಕೆ ಇಷ್ಟು ಸಂಕೋಚಪಡಬೇಕಾಗಿಲ್ಲ.

ಸಂಕೋಚದ ಮೂಲ ಬೇರೆ ಇದೆ ಎಂದು ನನಗೆ ಗೊತ್ತು. ಪುಸ್ತಕ ಕೊಡುವುದನ್ನು ನಾವು ದಾನದ ಲೆಕ್ಕದಲ್ಲಿ ಇಟ್ಟಿದ್ದೇವೆ. ನಿಮ್ಮ ಕೋಟೆಯೊಳಗಿನ ಬಸದಿಯವರು ಆಹಾರ, ಔಷಧ, ಅಭಯದ ಪಂಕ್ತಿಯಲ್ಲೇ ಶಾಸ್ತ್ರದಾನವನ್ನೂ ಕೂರಿಸಿದವರು. ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ 1,000 ಪ್ರತಿ ಮಾಡಿಸಿ ಹಂಚಿದ್ದು ಹತ್ತನೆಯ ಶತಮಾನದಲ್ಲಿ. ಅದು ತಾನು ತಲೆಯ ಮೇಲಿಟ್ಟುಕೊಂಡ ಪುಸ್ತಕವನ್ನು ಹಂಚುವ ಕೆಲಸ. ನಿಮ್ಮದು ಅದಲ್ಲ, ಹಾಗಾಗಿ ಅದರ ವೇಷ ಹಾಕಬೇಡಿ. ಕಠೋಪನಿಷತ್ತಿನ ವಾಜಶ್ರವಸ ಹಾಲು ಬತ್ತಿದ, ಮೇವು ತಿನ್ನುವ ಶಕ್ತಿಯೂ ಇಲ್ಲದ ಮುದಿ ಆಕಳುಗಳನ್ನು ದಾನವೆಂದು ಕೊಟ್ಟು, ಮಗನ ಕೈಲಿ ಪ್ರಶ್ನೆ ಕೇಳಿಸಿಕೊಂಡ. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಭಾವನವರ ಹುಟ್ಟುಹಬ್ಬಕ್ಕೆ ಕೊಟ್ಟಿರೋ, ಅದು ವಾಜಶ್ರವಸನ ಆಕಳು. ‘ಇದು ನನಗೆ ಹಿಡಿಸಲಿಲ್ಲ, ಯಾಕೆಂದು ಒಳಗೆ ಬರೆದಿದ್ದೇನೆ, ನೀವು ಏನಂತೀರಿ?’ ಎಂದು ಕೊಟ್ಟರೆ ಅದು ಕೈಗಡ. ಕೈಗಡಕ್ಕೆ ಮರ್ಯಾದೆ ಇದೆ. ತಿರುಗಿ ಬರಬೇಕೆಂಬ ಆಸೆಯೂ ಅದರೊಳಗೆ ಇದೆ. ಪುಸ್ತಕ ಬಾರದಿದ್ದರೂ ಜಗಳವಂತೂ ಬರುತ್ತದೆ.

ತಕರಾರು ಸಮೇತ ಎಂದದ್ದು ಇದಕ್ಕೇ. ಒಂದು ಮೆದು ಪೆನ್ಸಿಲ್ ತೆಗೆದುಕೊಳ್ಳಿ. ಪೆನ್ನು ಬೇಡ, ಪೆನ್ನು ತೀರ್ಪು ಕೊಡುತ್ತದೆ. ಶೇಂಗಾ ಹಿಂಡಿಯ ಪುಟದ ಅಂಚಿನಲ್ಲಿ ‘1510ಕ್ಕೆ ಮುಂಚೆ?’ ಎಂದು ಬರೆಯಿರಿ. ತೋಪಿನ ಪುಟದಲ್ಲಿ ಗವಾನನ ಇಸವಿ ಹಾಕಿ. ಕೋಟೆಯ ಯಾವ ಬಾಗಿಲು ಯಾವ ದಿಕ್ಕಿಗೆಂದು ಅವರು ತಪ್ಪಿದ್ದರೆ ಪುಟ್ಟ ನಕ್ಷೆ ಎಳೆಯಿರಿ, ಆ ಬಾಗಿಲಲ್ಲಿ ನೀವು ಓಡಾಡಿದವರು. ಹಿಡಿಸಿದ ಸಾಲು ಒಂದಾದರೂ ಇದ್ದೀತು, ಅದಕ್ಕೂ ಗೆರೆ ಹಾಕಿ. 800 ಪುಟದಲ್ಲಿ ಅದೂ ಇಲ್ಲವೆಂದರೆ ನಿಮ್ಮ ಓದಿನ ಮೇಲೂ ನನಗೆ ಅನುಮಾನ ಬರುತ್ತದೆ. ಹಸ್ತಪ್ರತಿಗಳ ಕೊನೆಯಲ್ಲಿ ಪುಸ್ತಕವೇ ಓದುಗನನ್ನು ಬೇಡಿಕೊಳ್ಳುವ ರೂಢಿಯೊಂದಿತ್ತು: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ ಎಂದು. ಪೆನ್ಸಿಲಿನಿಂದ ಕಾಪಾಡು ಎಂದು ಅದು ಕೇಳಿದ್ದನ್ನು ನಾನು ಕಂಡಿಲ್ಲ.

ಭಾವನವರಿಗೇ ಯಾಕೆ ಕೊಡಬೇಕೆಂದರೆ, ನಿಮಗೆ ಕಾಣದ ತಪ್ಪು ಅವರಿಗೆ ಕಾಣುತ್ತದೆ. ನೀವು ಕೋಟೆ ಬಲ್ಲಿರಿ, ಅವರು ಕಾಡು ಬಲ್ಲರು, ಮಳೆ ಬಲ್ಲರು. ಮಲಪ್ರಭೆ ಹುಟ್ಟುವ ಕಣಕುಂಬಿ ಅವರ ತಾಲ್ಲೂಕು, ಭೀಮಗಡದ ಕಾಡು ಅವರ ತಾಲ್ಲೂಕು. ನಿಮ್ಮ ಕಾದಂಬರಿಯಲ್ಲಿ ಆಷಾಢದಲ್ಲಿ ಆನೆ, ಕುದುರೆ, ಕಾಲಾಳುಗಳ ದಂಡು ಘಟ್ಟ ಇಳಿದು ಗೋವೆಗೆ ಹೋಗಿದೆಯೇ ನೋಡಿ. ಹೋಗಿದ್ದರೆ ಖಾನಾಪುರದ ಮನುಷ್ಯ ನಕ್ಕುಬಿಡುತ್ತಾನೆ. ಹಲಸಿಯ ಹೆಸರು ಬಂದಿದ್ದರಂತೂ ಬಿಡುವುದೇ ಇಲ್ಲ. ಅದು ಕದಂಬರ ಪಲಾಶಿಕಾ, ಭೂವರಾಹ ನರಸಿಂಹ ದೇವಸ್ಥಾನದ ಊರು. ಖಾನಾಪುರದಿಂದ ಎದ್ದವರು ಊಟದ ಹೊತ್ತಿಗೆ ಹೋಗಿ ನೋಡಿ ಬರಬಹುದು. ದಾರಿಯಲ್ಲೇ ನಂದಗಡ, ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು. ಇಂಥ ನೆಲದಲ್ಲಿ ಕೂತು ಐತಿಹಾಸಿಕ ಕಾದಂಬರಿ ಓದುವವರ ಅಂಚಿನ ಟಿಪ್ಪಣಿ ನಿಮ್ಮದಕ್ಕಿಂತ ಉದ್ದವಾದೀತು.

ನನ್ನದೇ ಒಂದು ಕಥೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಾನೂ ಒಂದು ದಪ್ಪ ಐತಿಹಾಸಿಕ ಕಾದಂಬರಿಯನ್ನು 214ನೆಯ ಪುಟಕ್ಕೆ ಕೈಬಿಟ್ಟೆ. ಗುರುತಿಗೆ ಇಟ್ಟ ಬಸ್ ಟಿಕೀಟನ್ನು ತೆಗೆಯುವುದು ಮರೆತು, ಅತ್ತೆಗೆ ಕೊಟ್ಟೆ. ಆಕೆ ಶಾಲೆ ಕಂಡದ್ದು ನಾಲ್ಕನೇ ಇಯತ್ತೆವರೆಗೆ, ಓದಿನ ಹಸಿವು ಮಾತ್ರ ವಿಪರೀತ. ಟಿಕೀಟು ಇದ್ದಲ್ಲಿಂದಲೇ ಓದಲು ಶುರುಮಾಡಿದಳು. ‘ಮೊದಲಿನದು ಬಿಟ್ಟೆಯಲ್ಲ ಅತ್ತೆ’ ಎಂದರೆ, ‘ಅಲ್ಲೀ ತನಕ ನೀ ಓದೀದಿ, ಹೇಳು. ಮತ್ತ ನಾ ಯಾಕ ಓದ್ಲಿ?’ ಎಂದಳು. ಆಕೆ ಅಕ್ಕಿ ಆರಿಸುತ್ತ ಕೂತಳು, ನಾನು 214 ಪುಟವನ್ನು ಕಾಲು ತಾಸಿನಲ್ಲಿ ಹೇಳಿ ಮುಗಿಸಿದೆ. ಹೇಳುತ್ತ ಹೇಳುತ್ತ ನನಗೇ ಅದು ಓದಿದ್ದಕ್ಕಿಂತ ರುಚಿಯಾಗಿ ಕಂಡಿತು. ಸೂರ್ಯೋದಯಗಳನ್ನು ಬಿಟ್ಟಿದ್ದೆನಲ್ಲ! ತಿಂಗಳ ನಂತರ ಉಳಿದ ನಾನೂರು ಪುಟವನ್ನು ಆಕೆ ನನಗೆ ಹೇಳಿದಳು. ಹಾಗೆ ಅರ್ಧ ನಾನು, ಅರ್ಧ ಆಕೆ ಓದಿ ಮುಗಿಸಿದ ಆ ಕಾದಂಬರಿಯನ್ನು ಇವತ್ತಿಗೂ ಪೂರ್ತಿ ಓದಿದವರ ಹಾಗೆ ಮಾತಾಡುತ್ತೇನೆ. ಕೊನೆಯಲ್ಲಿ ರಾಣಿ ಸಾಯುತ್ತಾಳೆಂದು ಆಕೆ ಹೇಳಿದ್ದು ನಿಜವೋ, ಆಕೆಯದೇ ಸೇರ್ಪಡೆಯೋ, ಪರೀಕ್ಷಿಸಲು ಹೋಗಿಲ್ಲ.

ಒಂದು ಎಚ್ಚರಿಕೆ. ತಕರಾರಿಗೆ ಬೆಳೆಯುವ ಗುಣವಿದೆ. ಹೊಯ್ಸಳರ ರಾಣಿ ಶಾಂತಲೆಯ ಮೇಲೆ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಆಗಲೇ ಮನೆಮನೆಯಲ್ಲಿತ್ತು. (ಅಯ್ಯರ್ ಬೆಂಗಳೂರಿನಲ್ಲಿ ಗರಡಿ ನಡೆಸಿದ ದೇಹದಾರ್ಢ್ಯಪಟು. ಐತಿಹಾಸಿಕ ಕಾದಂಬರಿಯ ತೂಕ ಎತ್ತಲು ಅಂಥ ತೋಳೇ ಬೇಕೇನೋ.) ಶಾಂತಲೆ ಶಿವಗಂಗೆಯಲ್ಲಿ ಪ್ರಾಣ ಕಳೆದುಕೊಂಡಳೆಂಬ ರೂಢಿಯ ಮಾತು ಸಿ.ಕೆ. ನಾಗರಾಜರಾಯರಿಗೆ ಒಪ್ಪಿಗೆಯಾಗಲಿಲ್ಲ. ಶಾಸನಗಳನ್ನು ಕೆದಕಿ ಕೂತರು. ಆ ಒಪ್ಪದಿದ್ದದ್ದು ನಾಲ್ಕು ಭಾಗದ, 2,000 ಪುಟ ದಾಟಿದ ‘ಪಟ್ಟಮಹಾದೇವಿ ಶಾಂತಲದೇವಿ’ ಆಯಿತು. ನಿಮ್ಮ ಪೆನ್ಸಿಲ್ಲು ಅಂಚು ಮೀರಿ ಬೇರೆ ನೋಟ್‌ಬುಕ್ಕಿಗೆ ಇಳಿಯಿತೆಂದರೆ ಮನೆಯವರಿಗೆ ಮೊದಲೇ ಹೇಳಿಡಿ.

ಇನ್ನು ದಾಟಿಸುವ ದಾರಿ. ನೀವೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಲೋಂಡಾ ಕಡೆಯ ರೈಲು ಖಾನಾಪುರದಲ್ಲಿ ನಿಲ್ಲುತ್ತದೆ, ಬಸ್ಸಂತೂ ಇದ್ದೇ ಇದೆ. ಅಂಚೆಯಲ್ಲೇ ಕಳಿಸಬೇಕೆಂದರೆ, ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. 2025ರ ಮೇ ತಿಂಗಳಿಂದ ‘ಜ್ಞಾನ ಪೋಸ್ಟ್’ ಎಂಬುದು ಬಂದಿದೆ. 300 ಗ್ರಾಮಿಗೆ 20 ರೂಪಾಯಿಯಿಂದ ಹಿಡಿದು 5 ಕಿಲೋಗೆ 100 ರೂಪಾಯಿವರೆಗೆ ದರ, ಮೇಲೆ ತೆರಿಗೆ. ಇಂಥಿಂಥ ಪುಸ್ತಕಕ್ಕೆ ಮಾತ್ರ ಎಂಬ ನಿಯಮವಿರುವುದರಿಂದ ಕೌಂಟರಿನಲ್ಲಿ ಒಮ್ಮೆ ಕೇಳಿಕೊಳ್ಳಿ. ಶೇಂಗಾ ಹಿಂಡಿಯ ಪುಟ ತೋರಿಸಬೇಡಿ.

ಭಾವನವರು ಬೇಡವೆಂದರೆ ಅವರ ಹಳ್ಳಿ ಕಡೆಯ ಗ್ರಾಮ ಪಂಚಾಯ್ತಿ ಗ್ರಂಥಾಲಯವಿದೆ, ಈಗ ಅದರ ಹೆಸರು ಅರಿವು ಕೇಂದ್ರ. ಕೇಳಿ ಕೊಡಿ, ಹೊಸ್ತಿಲ ಮೇಲೆ ಇಟ್ಟು ಓಡಿಬರಬೇಡಿ. ಪೆನ್ಸಿಲ್ ಗುರುತಿನ ಪ್ರತಿ ಅವರಿಗೆ ಬೇಕಾಗದಿರಬಹುದು. ರದ್ದಿಗೆ ಹಾಕಲು ಕೈ ಬರುತ್ತಿಲ್ಲ ಎಂದಿರಿ, ಬರದಿದ್ದದ್ದೇ ಒಳ್ಳೆಯದಾಯಿತು. ಅಲ್ಲಿ ಬೆಲೆ ಕಟ್ಟುವುದು ತಕ್ಕಡಿ. ನಿಮ್ಮ 800 ಪುಟ ಅಲ್ಲಿ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ಕ್ಕಿಂತ ಹೆಚ್ಚು ಬೆಲೆಗೆ ಹೋದೀತು, ಅದನ್ನು ಕಣ್ಣಿಂದ ನೋಡುವುದು ಬೇಡ.

ಮತ್ತೆ, ಖಾನಾಪುರದಿಂದ ಬರಿಗೈಯಲ್ಲಿ ಬರಬೇಡಿ. ಆ ಕಡೆ ಕನ್ನಡ, ಮರಾಠಿ ಎರಡೂ ಓದುವ ಮನೆಗಳು ಬಹಳ. ಭಾವನವರ ಕಪಾಟಿನಲ್ಲಿ ಮಾಧವರಾವ್ ಪೇಶವೆಯ ಕಥೆಯಾದ ರಣಜಿತ್ ದೇಸಾಯಿಯವರ ‘ಸ್ವಾಮಿ’ ಇದ್ದರೆ ಕೇಳಿ ತನ್ನಿ. ದೇಸಾಯಿಯವರು ಬೆಳಗಾವಿಗೆ ನೆರೆಯ ಕೋವಾಡದವರು, ಆ ಪುಸ್ತಕಕ್ಕೆ 1964ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಅಂಚಿನಲ್ಲಿ ಮಾಸ್ತರರು ಮೊದಲೇ ಏನಾದರೂ ಗೀಚಿಟ್ಟಿದ್ದರೆ ನಿಮ್ಮ ಅದೃಷ್ಟ.

ನಿಮ್ಮ ಪುಸ್ತಕ ತಿರುಗಿ ಬಂದ ದಿನ ನನಗೂ ಒಂದು ಕಾರ್ಡು ಹಾಕಿ. ಶೇಂಗಾ ಹಿಂಡಿಯ ಪುಟದಲ್ಲಿ ‘1510ಕ್ಕೆ ಮುಂಚೆ?’ ಎಂಬುದರ ಕೆಳಗೆ ಅವರೇನು ಬರೆದಿದ್ದಾರೆ ಎಂಬುದಷ್ಟೇ ನನಗೆ ಬೇಕು.